429,49,67,297 ಒಡೆಯುವ ಬಗೆ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ದೊಡ್ಡ ಸಂಖ್ಯೆ ಕಂಡ ಕೂಡಲೇ 3, 7, 11 ಅಂತ ಭಾಗಿಸುತ್ತಾ ಕೂರಬೇಡ. ಅದು ಹುಟ್ಟಿದ್ದು ಹೇಗೆ ಅಂತ ಮೊದಲು ನೋಡು. 429,49,67,297 ಅಂದರೆ 2³² + 1. 2ರ ಘಾತವನ್ನು ಪ್ರತಿ ಸಲ ಇಮ್ಮಡಿಸಿದರೆ (2¹ + 1, 2² + 1, 2⁴ + 1, ಹೀಗೆ) ಸಿಗುವ ಸಾಲಿನಲ್ಲಿ ಇದಕ್ಕೂ ಮೊದಲು ಬರುವ 3, 5, 17, 257, 65537 ಐದೂ ಅವಿಭಾಜ್ಯ. ಮುಂದಿನವೂ ಹಾಗೇ ಇರುತ್ತವೆ ಎಂದು 17ನೇ ಶತಮಾನದಲ್ಲಿ ಗಣಿತಜ್ಞ ಫರ್ಮಾ ನಂಬಿದ್ದ. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ 429,49,67,297ನ್ನು ಒಡೆದು ತೋರಿಸಿದ: 641 × 6700417.

641ಕ್ಕಿಂತ ಚಿಕ್ಕ ಅವಿಭಾಜ್ಯಗಳು 115 ಇವೆ. ಅಷ್ಟನ್ನೂ ಪರೀಕ್ಷಿಸುವ ಅಗತ್ಯವೇ ಇಲ್ಲ. p ಎಂಬ ಅವಿಭಾಜ್ಯ ಈ ಸಂಖ್ಯೆಯನ್ನು ಭಾಗಿಸಿದರೆ, 2³²ನ್ನು pಯಿಂದ ಭಾಗಿಸಿದಾಗ ಶೇಷ −1 (ಅಂದರೆ p − 1). ವರ್ಗ ಮಾಡಿದರೆ 2⁶⁴ಕ್ಕೆ ಶೇಷ 1. ಅಂದರೆ 2ರ ಘಾತಗಳ ಶೇಷಗಳು ಸರಿಯಾಗಿ 64 ಹೆಜ್ಜೆಗೊಮ್ಮೆ ಮರಳುತ್ತವೆ. ಈ ಹೆಜ್ಜೆಗಳ ಎಣಿಕೆ p − 1ನ್ನು ಭಾಗಿಸಲೇಬೇಕು, ಹಾಗಾಗಿ p = 64k + 1 (k ಒಂದು ಪೂರ್ಣಾಂಕ). ಆ ರೂಪದ ಅವಿಭಾಜ್ಯಗಳು 193, 257, 449, 577, 641. ಐದನೆಯದಕ್ಕೇ ಸಿಕ್ಕಿಬಿಟ್ಟಿತು! ನನಗೆ ಇಡೀ ಲೆಕ್ಕದಲ್ಲಿ ಅತ್ಯಂತ ಸುಂದರವಾದ ಜಾಗ ಇದೇ.

ಪೂರ್ತಿ ಭಾಗಾಕಾರವೂ ಬೇಡ, ಶೇಷಗಳನ್ನೇ ವರ್ಗ ಮಾಡುತ್ತಾ ಹೋಗು. 2⁸ = 256. 256ರ ವರ್ಗ, ಅಂದರೆ 2¹⁶, 65536; ಅದರಿಂದ 641 × 102 = 65382 ಕಳೆದರೆ 154. 154ರ ವರ್ಗ 23716; ಅದರಿಂದ 641 × 36 = 23076 ಕಳೆದರೆ 640, ಇದೇ 2³²ರ ಶೇಷ. ಇದಕ್ಕೆ 1 ಕೂಡಿಸಿದರೆ 641, ಶೇಷ ಸೊನ್ನೆ. ಪ್ರತಿ ವರ್ಗದ ನಂತರ ಶೇಷ ತೆಗೆಯಲು ಮರೆತೆಯೋ, ಅಂಕಿಗಳು ಕೈಮೀರಿ ಬೆಳೆಯುತ್ತವೆ.

ಕಂಪ್ಯೂಟರಿನಲ್ಲಿ ಮಾಡುವಾಗ ಒಂದು ಎಚ್ಚರ. 32 ಬಿಟ್‌ನ ಚಿಹ್ನೆಯಿಲ್ಲದ (unsigned) ಪೂರ್ಣಾಂಕದಲ್ಲಿ ಹಿಡಿಯುವ ಅತಿ ದೊಡ್ಡ ಬೆಲೆ 2³² − 1. ಇದಕ್ಕೆ 2 ಕೂಡಿಸಿದರೆ ನಮ್ಮ ಸಂಖ್ಯೆಯ ಬದಲು 1 ಉಳಿಯುತ್ತದೆ. 64 ಬಿಟ್ ಬಳಸು.

ಇನ್ನೊಂದು ಬಲೆಯೂ ಇದೆ. N ಅವಿಭಾಜ್ಯವೇ ಎಂದು ನೋಡಲು 2ರ (N − 1)ನೇ ಘಾತವನ್ನು Nನಿಂದ ಭಾಗಿಸಿದಾಗ ಶೇಷ 1 ಬರುತ್ತದೆಯೇ ಎಂದು ಪರೀಕ್ಷಿಸುವುದುಂಟು. ಈ ಸಂಖ್ಯೆ ಅದರಲ್ಲಿ ಪಾಸಾಗುತ್ತದೆ! 2⁶⁴ಕ್ಕೆ ಶೇಷ 1, N − 1 ಅಂದರೆ 2³², ಅದು 64ರ ಗುಣಕ. ಹಾಗಾಗಿ ಉತ್ತರ 1 ಬರದೇ ಇರಲು ಸಾಧ್ಯವಿಲ್ಲ. ಇಂಥ ಸಂಖ್ಯೆಗೆ 2ರ ಬದಲು 3 ಇಟ್ಟು ನೋಡಬೇಕು, ಆಗ ಸಿಕ್ಕಿಬೀಳುತ್ತದೆ.

6700417 ಇನ್ನೂ ಒಡೆಯುತ್ತದೆಯೇ? ಅದರ ವರ್ಗಮೂಲ ಸುಮಾರು 2588, ಅಲ್ಲಿಯವರೆಗೆ ಹುಡುಕಿದರೆ ಸಾಕು. ಅದನ್ನು ಭಾಗಿಸುವ ಅವಿಭಾಜ್ಯ ಮೂಲ ಸಂಖ್ಯೆಯನ್ನೂ ಭಾಗಿಸುತ್ತದೆ, ಆದ್ದರಿಂದ ರೂಪದ ನಿಯಮ ಇಲ್ಲೂ ಅನ್ವಯ. ಮುಂದೆ ಗಣಿತಜ್ಞ ಲ್ಯೂಕಾಸ್ ಆ ನಿಯಮವನ್ನು 128k + 1ಕ್ಕೆ ಬಿಗಿಗೊಳಿಸಿದ. ಉಳಿಯುವವು 257, 641, 769, 1153, 1409 ಮಾತ್ರ. 641ನ್ನು ಬಿಡಬೇಡ, ಅದು ಎರಡು ಸಲ ಭಾಗಿಸಲೂಬಹುದು. ಶೇಷಗಳು ಕ್ರಮವಾಗಿ 170, 44, 120, 334, 622. ಒಂದೂ ಸೊನ್ನೆಯಲ್ಲ, 6700417 ಅವಿಭಾಜ್ಯ.

ಇಂತಿ,
ನಿನ್ನ ಅಪ್ಪ