ಮನೆಯ ಕ್ಯಾಮೆರಾದ ದೃಶ್ಯ ಮನೆಯಲ್ಲೇ ಉಳಿಯಲಿ

ಮಾನ್ಯ ಸಂಪಾದಕರೇ,

ಬೇಯಿಸಿ ಅಂಗಳದಲ್ಲಿ ಹರವಿದ ಅಡಿಕೆ ಬೆಳಗಾಗುವುದರೊಳಗೆ ಕಳವಾದ ಸುದ್ದಿ ಸುಗ್ಗಿಯ ಕಾಲದಲ್ಲಿ ಮಲೆನಾಡಿನವರಿಗೆ ಹೊಸದಲ್ಲ. ಆ ಭಯದಿಂದಲೇ ನಮ್ಮ ಸುತ್ತಲಿನ ಹಲವು ಮನೆಗಳ ಜಗುಲಿಗೆ ವೈಫೈ ಕ್ಯಾಮೆರಾ ಬಂದಿದೆ. ಕಳೆದ ಸುಗ್ಗಿಯಲ್ಲಿ ನಾನೂ ಒಂದನ್ನು ತಂದೆ. ಅದನ್ನು ಮನೆಯ ಕಂಪ್ಯೂಟರಿಗೆ ಜೋಡಿಸಿ ದೃಶ್ಯಗಳನ್ನು ಅಲ್ಲೇ ಉಳಿಸಿಕೊಳ್ಳಬೇಕೆಂಬುದು ನನ್ನ ಉದ್ದೇಶವಾಗಿತ್ತು. ಅಂಗಡಿಯವರು ಮೊಬೈಲಿಗೆ ಆ್ಯಪ್ ಹಾಕಿಕೊಟ್ಟು, ತಿಂಗಳ ಶುಲ್ಕ ಕಟ್ಟಿದರೆ ದೃಶ್ಯ ಕಂಪನಿಯ ಸರ್ವರಿನಲ್ಲಿ ಉಳಿಯುತ್ತದೆಂದು ಹೇಳಿ ಕಳಿಸಿದರು. ಪೆಟ್ಟಿಗೆಯಲ್ಲಿದ್ದ ಇಂಗ್ಲಿಷ್ ಚೀಟಿಯಲ್ಲಿ ಕಂಪ್ಯೂಟರಿನ ಮಾತೇ ಇರಲಿಲ್ಲ. ಮೂರು ದಿನ ಕುಳಿತು ಕಂಡುಕೊಂಡದ್ದು ಬೇರೆಯವರಿಗೂ ಬೇಕಾದೀತೆಂದು ಈ ಪತ್ರ ಬರೆಯುತ್ತಿದ್ದೇನೆ.

ಮೊದಲ ದಿನ ಕ್ಯಾಮೆರಾ ವೈಫೈಯನ್ನು ಹಿಡಿಯಲೇ ಇಲ್ಲ. ಇಂಥ ಕ್ಯಾಮೆರಾಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ತರಂಗವನ್ನು ಮಾತ್ರ ಬಳಸುತ್ತವೆ. ಈಗಿನ ಹಲವು ರೂಟರುಗಳು 2.4 ಮತ್ತು 5 ಗಿಗಾಹರ್ಟ್ಸ್ ಎರಡನ್ನೂ ಒಂದೇ ಹೆಸರಿನಲ್ಲಿ ಕೊಡುವುದರಿಂದ, ಜೋಡಣೆಯ ಹೊತ್ತಿನಲ್ಲಿ ಮೊಬೈಲು ಒಂದು ಕಡೆ, ಕ್ಯಾಮೆರಾ ಇನ್ನೊಂದು ಕಡೆ ಉಳಿದುಬಿಡುವುದುಂಟು. ರೂಟರಿನ ಸೆಟ್ಟಿಂಗಿನಲ್ಲಿ 2.4ಕ್ಕೆ ಬೇರೆ ಹೆಸರು ಕೊಟ್ಟ ಮೇಲೆ ಕೆಲಸ ಕೂಡಿಬಂತು. ಗೋಡೆ ದಾಟಿ ದೂರ ಹೋಗುವುದರಲ್ಲಿ 2.4 ಮೇಲಾದ್ದರಿಂದ, ದಪ್ಪ ಗೋಡೆಯ ಹಳೆಯ ಮನೆಗಳಿಗೆ ಅದೇ ಅನುಕೂಲ.

ಆ್ಯಪಿನ ಒಳಗೆ ಎಲ್ಲೋ ಅಡಗಿದ್ದ ಆರ್‌ಟಿಎಸ್‌ಪಿ ಎಂಬ, ಕ್ಯಾಮೆರಾದ ನೇರ ದೃಶ್ಯವನ್ನು ಕಂಪ್ಯೂಟರಿಗೆ ಕಳಿಸುವ ಸೌಲಭ್ಯವನ್ನು ಚಾಲೂ ಮಾಡಿ, ಅದಕ್ಕೆಂದೇ ಒಂದು ಪಾಸ್‌ವರ್ಡ್ ಇಟ್ಟು, ವಿಡಿಯೊ ನೋಡಲು ಉಚಿತವಾಗಿ ಸಿಗುವ ವಿಎಲ್‌ಸಿ ತಂತ್ರಾಂಶದ ‘ಓಪನ್ ನೆಟ್‌ವರ್ಕ್ ಸ್ಟ್ರೀಮ್’ ಎಂಬಲ್ಲಿ ಕ್ಯಾಮೆರಾದ ವಿಳಾಸ (ಅದರಲ್ಲಿ ರೂಟರು ಕೊಟ್ಟ ಐಪಿ ಸಂಖ್ಯೆ ಇರುತ್ತದೆ) ಬರೆದಾಗ ಅಂಗಳ ಕಂಪ್ಯೂಟರಿನ ಪರದೆಯ ಮೇಲೆ ಕಂಡಿತು. ಆದರೆ ಮರುದಿನ ಕರೆಂಟು ಹೋಗಿ ಬಂದ ಮೇಲೆ ಪರದೆ ಖಾಲಿ. ರೂಟರು ಕ್ಯಾಮೆರಾಕ್ಕೆ ಹೊಸ ವಿಳಾಸ ಕೊಟ್ಟಿತ್ತು, ಕಂಪ್ಯೂಟರು ಹಳೆಯದನ್ನೇ ಹುಡುಕುತ್ತಿತ್ತು. ಕ್ಯಾಮೆರಾದ ಬೆನ್ನಿನ ಮೇಲೆ ಅಚ್ಚಾಗಿರುವ ಮ್ಯಾಕ್ ಎಂಬ ಗುರುತಿನ ಸಂಖ್ಯೆಯನ್ನು ರೂಟರಿನಲ್ಲಿ ನಮೂದಿಸಿ ಒಂದು ವಿಳಾಸವನ್ನು ಕಾಯ್ದಿರಿಸಿದರೆ ಈ ತೊಂದರೆ ಇರುವುದಿಲ್ಲ. ಇಡೀ ರಾತ್ರಿ ದಾಖಲಿಸಲು ಬೇರೆ ತಂತ್ರಾಂಶ ಬೇಕು, ಕಂಪ್ಯೂಟರು ನಿದ್ರೆಗೆ ಜಾರದಂತೆ ಹೊಂದಿಸಿರಬೇಕು, ರೂಟರಿಗೂ ಇನ್ವರ್ಟರಿನ ಸಂಪರ್ಕ ಇರಬೇಕು. ದೃಶ್ಯಕ್ಕೆ ಸೆಕೆಂಡಿಗೆ 2 ಮೆಗಾಬಿಟ್ ಲೆಕ್ಕ ಹಿಡಿದರೆ ದಿನಕ್ಕೆ ಸುಮಾರು 22 ಗಿಗಾಬೈಟ್ ಆಗುತ್ತದೆ. 1 ಟೆರಾಬೈಟಿನ ಡಿಸ್ಕಿನಲ್ಲಿ ಒಂದೂವರೆ ತಿಂಗಳ ದೃಶ್ಯ ನಿಲ್ಲುತ್ತದೆ. ತಿಂಗಳ ಶುಲ್ಕದ ಮಾತು ಎಲ್ಲರಿಗೂ ಅನಿವಾರ್ಯವಲ್ಲ ಎಂದು ನಾನು ಹೇಳುವುದು ಇದಕ್ಕಾಗಿಯೇ.

ನನ್ನನ್ನು ನಿಜವಾಗಿ ಕಾಡಿದ್ದು ಪಾಸ್‌ವರ್ಡಿನ ವಿಷಯ. ನೆರೆಯ ಮೂರು ಮನೆಗಳಲ್ಲಿ ನೋಡಿದೆ, ಮೂರರಲ್ಲೂ ಕಾರ್ಖಾನೆಯಿಂದ ಬಂದ ಪಾಸ್‌ವರ್ಡೇ ಉಳಿದಿತ್ತು. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ ಇಂಥ ಸಿದ್ಧ ಪಾಸ್‌ವರ್ಡುಗಳ ಒಂದು ಚಿಕ್ಕ ಪಟ್ಟಿಯನ್ನೇ ಹಿಡಿದು ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶಪಡಿಸಿಕೊಂಡಿತ್ತು. ಅವುಗಳ ಮೂಲಕ ನಡೆದ ದಾಳಿಯಿಂದ ಆ ವರ್ಷದ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೇ ಹಲವು ಗಂಟೆ ತೊಂದರೆಗೊಳಗಾದವು. ಬ್ರಿಟನ್ 2024ರ ಏಪ್ರಿಲ್ 29ರಿಂದ ಸುಲಭವಾಗಿ ಊಹಿಸಬಹುದಾದ ಸಿದ್ಧ ಪಾಸ್‌ವರ್ಡುಗಳನ್ನು ಕಾನೂನಿನ ಮೂಲಕವೇ ನಿಷೇಧಿಸಿದೆ. ನಮ್ಮ ಕೇಂದ್ರ ಸರ್ಕಾರವೂ 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆಯನ್ನು ಕಡ್ಡಾಯಗೊಳಿಸಿರುವುದು ಸ್ವಾಗತಾರ್ಹ. ಆದರೆ ಅದಕ್ಕೂ ಮೊದಲೇ ಜಗುಲಿಗೆ ಬಂದ ಕ್ಯಾಮೆರಾಗಳ ಪಾಸ್‌ವರ್ಡನ್ನು ಮನೆಯವರೇ ಬದಲಿಸಬೇಕು. ಊರಾಚೆಯಿಂದ ನೋಡುವ ಆಸೆಗೆ ರೂಟರಿನಲ್ಲಿ ಪೋರ್ಟ್, ಅಂದರೆ ಇಂಟರ್ನೆಟ್ಟಿನಿಂದ ಒಳಬರುವ ಬಾಗಿಲು, ತೆರೆದಿಡಲು ಕೆಲವರು ಸಲಹೆ ಕೊಡುತ್ತಾರೆ. ಅದು ಹೊರಗಿನವರಿಗೆ ದಾರಿ ತೋರಿಸಿದಂತೆ ಆಗುವುದರಿಂದ ದಯವಿಟ್ಟು ಯಾರೂ ಹಾಗೆ ಮಾಡಬಾರದು. ಕ್ಯಾಮೆರಾದ ಕಣ್ಣು ಪಕ್ಕದವರ ಬಚ್ಚಲುಮನೆಯ ದಾರಿಯತ್ತ ತಿರುಗಿಲ್ಲವೆಂಬುದನ್ನೂ ಮೊದಲ ದಿನವೇ ಪರದೆಯ ಮೇಲೆ ನೋಡಿ ಖಚಿತಪಡಿಸಿಕೊಳ್ಳಬೇಕು.

ಕರ್ನಾಟಕದಲ್ಲಿ ಮಾರುವ ಪ್ರತಿಯೊಂದು ಕ್ಯಾಮೆರಾದ ಪೆಟ್ಟಿಗೆಯಲ್ಲೂ ಕನ್ನಡದ ಒಂದು ಹಾಳೆ ಇರುವಂತೆ ತಯಾರಕರು ಮತ್ತು ಸರ್ಕಾರ ಕ್ರಮ ಕೈಗೊಳ್ಳಬೇಕೆಂದು ವಿನಂತಿಸುತ್ತೇನೆ. ಪಾಸ್‌ವರ್ಡ್ ಬದಲಿಸುವ ಬಗೆ ಅದರಲ್ಲಿ ಮೊದಲ ಸಾಲಿನಲ್ಲೇ ಇರಲಿ. ಬೇರೆ ಬೇರೆ ಕಂಪನಿಗಳ ಉಪಕರಣಗಳು ಒಂದರೊಡನೊಂದು ಕೂಡಿ ಕೆಲಸ ಮಾಡಲೆಂದು 2008ರಲ್ಲಿ ರೂಪುಗೊಂಡ ಆನ್‌ವಿಫ್ ಮಾನದಂಡಕ್ಕೆ ಕ್ಯಾಮೆರಾ ಹೊಂದುತ್ತದೆಯೇ, ಆ್ಯಪ್ ಇಲ್ಲದೆ ಕಂಪ್ಯೂಟರಿನಲ್ಲಿ ನೋಡಲು ಸಾಧ್ಯವೇ ಎಂಬುದನ್ನು ಪೆಟ್ಟಿಗೆಯ ಮೇಲೆಯೇ ಅಚ್ಚು ಹಾಕಿದರೆ, ಹಣ ಕೊಡುವ ಮೊದಲೇ ನಮಗದು ತಿಳಿಯುತ್ತದೆ.

– ಒಬ್ಬ ಅಡಿಕೆ ಬೆಳೆಗಾರ, ಸಾಗರ ತಾಲ್ಲೂಕು