ಪಕ್ಕದ ಕುರ್ಚಿ ಕೊಟ್ಟ ಅಕ್ಕನಿಗೆ

ಹೆಸರು ಬರೆದರೆ ನಿಮಗೆ ಮುಜುಗರ ಆಗಬಹುದು, ಅದಕ್ಕೇ ಬರೆಯುತ್ತಿಲ್ಲ ಅಕ್ಕಾ.

ನಾನು ಗೇ ಅಂತ ಹೇಳಿಕೊಂಡು ಆಗ ಒಂದು ವಾರ ಆಗಿತ್ತು. ಚಿಕ್ಕ ಊರು, ನನಗಿಂತ ಮೊದಲೇ ಸುದ್ದಿ ಸಭೆಗೆ ತಲುಪಿತ್ತು. ನಾನು ಒಳಗೆ ಬಂದಾಗ ಯಾರೂ ಬೈಯಲಿಲ್ಲ, ಸುಮ್ನೆ ಮುಖ ತಿರುಗಿಸಿದರು. ಅದೇ ಜಾಸ್ತಿ ನೋಯಿಸುತ್ತದೆ, ಅಲ್ವಾ?

ನೀವು ಪಕ್ಕದ ಕುರ್ಚಿಯಲ್ಲಿದ್ದ ಚೀಲ ತೆಗೆದು ತೊಡೆ ಮೇಲಿಟ್ಟುಕೊಂಡಿರಿ. “ಬಾಪ್ಪಾ, ಕೂತ್ಕೋ” ಅಂದಿರಿ. ಹಿಂದೆ ಯಾರೋ “ಅದೊಂದು ಕಾಯಿಲೆ” ಅಂದರು. “ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಅದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ” ಅಂದಿರಿ ನೀವು, ದನಿ ಏರಿಸದೆ.

ದೊಡ್ಡ ಊರಾದರೆ ಎದ್ದು ಬೇರೆ ಕಡೆ ಹೋಗಬಹುದು. ಇಲ್ಲಿ ನಾಳೆಯೂ ಅವೇ ಮುಖಗಳು, ನಿಮಗೂ. ಗೊತ್ತಿದ್ದೂ ಮಾತಾಡಿದಿರಿ. ಮುಂದಿನ ಸಲ ಇನ್ನಿಬ್ಬರು ತಾವಾಗೇ ಬಂದು ಮಾತಾಡಿಸಿದರು.

ತುಂಬಾ ಥ್ಯಾಂಕ್ಸ್ ಅಕ್ಕಾ.