ಇಂಜಿನ್ ಬಿಚ್ಚೋ ಮೊದಲು ಇದನ್ನು ಓದು

ಗೆಳೆಯಾ,

ಕಾರು ನಿಂತಲ್ಲೇ ನಡುಗುತ್ತೆ, ಇಂಜಿನ್ ದೀಪ ಹತ್ತಿದೆ, ಈ ಸಲ ನಾನೇ ಬಿಚ್ಚಿ ನೋಡ್ತೀನಿ ಅಂತ ಬರೆದಿದ್ದೀಯ. ಓದಿ ಖುಷಿಯಾಯಿತು. ಒಂದೇ ಮಾತು ಕೇಳು. ಎಲ್ಲಿ ಕೆಟ್ಟಿದೆ ಅಂತ ಖಾತ್ರಿಯಾಗುವ ತನಕ ಹೊಸ ಪಾರ್ಟು ತರಬೇಡ.

ನನ್ನ ಕಾರಿಗೂ ಹೀಗೇ ಆಗಿತ್ತು. ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದಾಗ ಪಿ0302 ಅಂತ ಬಂತು. ಕೊನೆಯ ಅಂಕಿ ಸಿಲಿಂಡರಿನ ನಂಬರು. ಎರಡನೇ ಸಿಲಿಂಡರ್ ಮಿಸ್‌ಫೈರ್ ಆಗ್ತಿದೆ, ಅಂದರೆ ಅದರೊಳಗೆ ಇಂಧನ ಸರಿಯಾಗಿ ಉರೀತಿಲ್ಲ ಅಂತ ಅರ್ಥ. ಯಾಕೆ ಅಂತ ಕೋಡ್ ಹೇಳುವುದಿಲ್ಲ, ಅದನ್ನು ನಾವೇ ಹುಡುಕಬೇಕು. ಎರಡನೇ ಮತ್ತು ಮೂರನೇ ಸಿಲಿಂಡರಿನ ಕಾಯಿಲ್‌ಗಳನ್ನು ಅದಲುಬದಲು ಮಾಡಿದೆ. ಸ್ಪಾರ್ಕ್ ಪ್ಲಗ್ಗಿಗೆ ಕಿಡಿ ಹಾರಿಸಲು ಕರೆಂಟು ಕೊಡುವುದು ಈ ಕಾಯಿಲೇ. ಕೋಡ್ ಅಳಿಸಿ ಓಡಿಸಿದರೆ ಪಿ0303 ಬಂತು. ಕಾಯಿಲ್ ಹೋದ ಕಡೆಗೇ ತೊಂದರೆಯೂ ಹೋಯಿತು, ಅಲ್ವಾ? ಕಾಯಿಲೇ ಕೆಟ್ಟಿತ್ತು.

ಹೊಸದು ಹಾಕಿ ಸುಮ್ನೆ ಇರಬಹುದಿತ್ತು. ಆದರೆ ಆ ಕಾಯಿಲಿನ ರಬ್ಬರ್ ಬೂಟು ಆಯಿಲಿನಲ್ಲಿ ನೆಂದು ಊದಿತ್ತು, ಬೆರಳಲ್ಲಿ ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತಿತ್ತು. ಟಾರ್ಚ್ ಬಿಟ್ಟು ನೋಡಿದೆ. ಪ್ಲಗ್ ಕೂರುವ ಗುಂಡಿಯಲ್ಲಿ ಕಪ್ಪು ಆಯಿಲ್ ನಿಂತಿತ್ತು, ನಡುವೆ ಪ್ಲಗ್ಗಿನ ಬಿಳಿ ಪಿಂಗಾಣಿಯ ತುದಿ ಮಾತ್ರ ಕಾಣುತ್ತಿತ್ತು. ಇಂಜಿನ್ನಿನ ಮೇಲಿನ ಮುಚ್ಚಳ, ಅಂದರೆ ವಾಲ್ವ್ ಕವರಿನಲ್ಲಿ, ಆ ಗುಂಡಿಗೆ ಆಯಿಲ್ ಬರದಂತೆ ತಡೆಯುವ ಟ್ಯೂಬ್ ಸೀಲ್ ಗಟ್ಟಿಯಾಗಿ ಸೋರುತ್ತಿತ್ತು. ಅದನ್ನು ಹಾಗೇ ಬಿಟ್ಟಿದ್ದರೆ ಹೊಸ ಕಾಯಿಲೂ ಅದೇ ದಾರಿ ಹಿಡಿಯುತ್ತಿತ್ತು.

ನಿನ್ನದರಲ್ಲೂ ಆಯಿಲ್ ಕಂಡರೆ ತಕ್ಷಣ ಪ್ಲಗ್ ತಿರುಗಿಸಬೇಡ. ಬಿಚ್ಚಿದ ಕೂಡಲೇ ಅಷ್ಟೂ ಸಿಲಿಂಡರಿಗೆ ಇಳಿಯುತ್ತದೆ. ಮೊದಲು ಬಟ್ಟೆ ಸುತ್ತಿದ ಕಡ್ಡಿಯಿಂದ ಹೀರಿ ತೆಗೆ. ಇಂಜಿನ್ ಪೂರ್ತಿ ತಣ್ಣಗಾಗಿರಲಿ. ಪ್ಲಗ್ ಕೂರುವ ಹೆಡ್ ಅಲ್ಯೂಮಿನಿಯಂನದು, ಅದರ ಥ್ರೆಡ್ ಹೋದರೆ ಸಣ್ಣ ಕೆಲಸ ದೊಡ್ಡದಾಗುತ್ತದೆ. ಹಾಕುವಾಗ ಪ್ಲಗ್ಗಿನ ತುದಿಗೆ ಒಂದು ತುಂಡು ರಬ್ಬರ್ ಪೈಪ್ ಸಿಕ್ಕಿಸಿ ಬೆರಳಲ್ಲೇ ತಿರುಗಿಸು. ಥ್ರೆಡ್ ಓರೆಯಾಗಿ ಕಚ್ಚಿದರೆ ಪೈಪ್ ಜಾರುತ್ತದೆ. ಆಗ ಬಿಚ್ಚಿ ಮತ್ತೆ ಶುರು ಮಾಡು. ಪಾನಾ ಕೊನೆಯ ಬಿಗಿತಕ್ಕೆ ಮಾತ್ರ.

ವಾಲ್ವ್ ಕವರ್ ಬಿಚ್ಚಿದರೆ ಗ್ಯಾಸ್ಕೆಟ್ (ಸೋರದಂತೆ ನಡುವೆ ಇಡುವ ಸೀಲ್) ಕೂರುವ ಜಾಗವನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆ, ಕಬ್ಬಿಣದ್ದು ಗೀರು ಬೀಳಿಸುತ್ತದೆ. ನಾನು ಎಡವಿದ್ದು ಮುಂದಿನ ಮೂಲೆಯಲ್ಲಿ. ಇಂಜಿನ್ನಿನ ಮುಂದಿನ ಮುಚ್ಚಳವಾದ ಟೈಮಿಂಗ್ ಕವರ್ ಹೆಡ್ಡಿಗೆ ಸೇರುವ ಸಂದಿಗೆ ಒಂದು ಹನಿ ಸೀಲಂಟ್ (ಸೋರಿಕೆ ತಡೆಯುವ ಅಂಟು) ಹಚ್ಚಬೇಕಿತ್ತು, ಹಚ್ಚಿರಲಿಲ್ಲ. ಎರಡೇ ದಿನಕ್ಕೆ ಅಲ್ಲಿ ಜಿನುಗಿತು, ಎಲ್ಲ ಮತ್ತೆ ಬಿಚ್ಚಿದೆ. ನಿನ್ನ ಮ್ಯಾನ್ಯುಯಲ್‌ನಲ್ಲಿ ಆ ಪುಟ ಹುಡುಕು. ಬೋಲ್ಟ್ ಬಿಗಿ ಮಾಡುವ ಕ್ರಮವೂ ಅಲ್ಲೇ ಇರುತ್ತದೆ, ಸಾಮಾನ್ಯವಾಗಿ ನಡುವಿನಿಂದ ಹೊರಕ್ಕೆ. ನನ್ನ ಕವರಿನ ಬೋಲ್ಟ್‌ಗಳಿಗೆ ಬೇಕಿದ್ದದ್ದು ಬರೀ 10 ನ್ಯೂಟನ್ ಮೀಟರ್ ಬಿಗಿತ. ಚಕ್ರದ ನಟ್ಟಿಗೆ 100ರ ಆಸುಪಾಸು ಬೇಕು. ಆ ಕೈಯಲ್ಲೇ ಇದನ್ನೂ ತಿರುಗಿಸಿದರೆ ಬೋಲ್ಟ್ ಮುರಿಯುತ್ತದೆ. ಬಿಗಿತ ಅಳೆದು ತಿರುಗಿಸುವ ಟಾರ್ಕ್ ವ್ರೆಂಚ್ ಇಲ್ಲದಿದ್ದರೆ ಯಾರಲ್ಲಾದರೂ ಕೇಳಿ ತಗೋ.

ಎರಡನೇ ಸಲ ಮುಗಿಸಿ ಸ್ಟಾರ್ಟ್ ಮಾಡಿದಾಗ ಬಾನೆಟ್ ಮೇಲೆ ಅಂಗೈ ಇಟ್ಟು ನಿಂತಿದ್ದೆ. ನಡುಕ ಇರಲಿಲ್ಲ. ಎಷ್ಟೋ ಹೊತ್ತು ಕೈ ತೆಗೆಯಲಿಲ್ಲ.

ಭಾನುವಾರ ಕಾಯಿಲ್ ಎಳೆದ ಕೂಡಲೇ ಬೂಟಿನ ಫೋಟೋ ಕಳಿಸು. ಒರೆಸಬೇಡ, ಹೇಗಿದೆಯೋ ಹಾಗೇ.

ನಿನ್ನ ಗೆಳೆಯ